ಹೊಟ್ಟೆಯ ಕೊಬ್ಬು, ಗರ್ಭಕೋಶದ ಕ್ಯಾನ್ಸರ್ ಮತ್ತು ನಾವು ಕೇಳದ ಪ್ರಶ್ನೆ

ಮುಟ್ಟು ನಿಂತು ಐದಾರು ವರ್ಷ ಕಳೆದಿರುತ್ತದೆ. ಮನೆಯ ಹಿರಿಯ ಮಹಿಳೆಗೆ ಒಂದು ದಿನ ಬಟ್ಟೆಯ ಮೇಲೆ ರಕ್ತದ ಕಲೆ ಕಾಣಿಸುತ್ತದೆ. ನೋವಿಲ್ಲ, ಜ್ವರವಿಲ್ಲ. ಎರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆಗ ಆಕೆಗೆ ಮೊದಲು ಕಾಡುವ ಚಿಂತೆ ಆರೋಗ್ಯದ್ದಲ್ಲ, ನಮಾಝ್‌ನದು. ಮಹಿಳೆಯರ ಇಜ್ತಿಮಾಕ್ಕೆ ಬಂದ ಆಲಿಮಾರನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುತ್ತಾಳೆ: ಇದು ಹೈಝೋ, ಇಸ್ತಿಹಾಝೋ? ನಮಾಝ್ ಮಾಡಬೇಕೋ, ಬಿಡಬೇಕೋ? ಮಸ್‌ಅಲಾ ತಿಳಿದ ಮೇಲೆ ಮನಸ್ಸು ಹಗುರವಾಗುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ರಕ್ತ ಬಂದದ್ದಾದರೂ ಎಲ್ಲಿಂದ? ನಮಾಝ್‌ನ ಉತ್ತರ ಸಿಕ್ಕಿತು, ದೇಹದ ಉತ್ತರ ಸಿಗಲಿಲ್ಲ. ಆ ಉತ್ತರವನ್ನು ಹುಡುಕದೆ ಬಿಟ್ಟ ಕಾರಣಕ್ಕೆ, ಸುಲಭವಾಗಿ ಗುಣಪಡಿಸಬಹುದಾಗಿದ್ದ ಕಾಯಿಲೆಯೊಂದು ಕೆಲವರಲ್ಲಿ ಕೈಮೀರಿ ಹೋಗುತ್ತದೆ. ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಈ ಕಾಯಿಲೆಗೂ ನಮ್ಮ ಹೊಟ್ಟೆಯ ಸುತ್ತ ಸೇರುವ ಕೊಬ್ಬಿಗೂ ಹತ್ತಿರದ ನಂಟಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿ.ಪಿ.ಯ ಮಾತು ದಿನವೂ ನಡೆಯುತ್ತದೆ. ಅದೇ ಬೇರಿನಿಂದ ಹುಟ್ಟುವ ಈ ಮೂರನೆಯದರ ಮಾತು ಮಾತ್ರ ಬರುವುದಿಲ್ಲ.

ಎರಡು ಬೇರೆ ಬೇರೆ ಕಾಯಿಲೆಗಳು

"ಗರ್ಭಚೀಲದ ಕ್ಯಾನ್ಸರ್" ಎಂದು ನಾವು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ವಾಸ್ತವದಲ್ಲಿ ಅವು ಎರಡು. ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ ಬರುವುದು ಒಂದು. ಅದಕ್ಕೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದೂ ಇದೇ. ಗರ್ಭಕೋಶದ ಒಳಗೋಡೆಗೆ ಹಾಸಿದಂತಿರುವ ಮೆತ್ತನೆಯ ಪದರದಲ್ಲಿ ಬರುವುದು ಇನ್ನೊಂದು. ಪ್ರತಿ ತಿಂಗಳು ಬೆಳೆದು ಮುಟ್ಟಿನ ರಕ್ತದೊಂದಿಗೆ ಹೊರಹೋಗುವುದು ಇದೇ ಪದರ. ಈ ಎರಡನೆಯದಕ್ಕೆ ವೈರಸ್ ಕಾರಣವಲ್ಲ. ಇಲ್ಲಿ ಹಾರ್ಮೋನುಗಳ ಏರುಪೇರು ಮುಖ್ಯ.

ಶ್ರೀಮಂತ ದೇಶಗಳಲ್ಲಿ ಮಹಿಳೆಯರ ಜನನಾಂಗಗಳ ಕ್ಯಾನ್ಸರ್‌ಗಳ ಪೈಕಿ ಒಳಪದರದ ಕ್ಯಾನ್ಸರೇ ಮೊದಲ ಸ್ಥಾನದಲ್ಲಿದೆ. ನಮ್ಮಲ್ಲಿ ಇದು ಇನ್ನೂ ಕಡಿಮೆ. ಆದರೆ ಬೆಂಗಳೂರು, ಚೆನ್ನೈಯಂತಹ ನಗರಗಳ ಕ್ಯಾನ್ಸರ್ ನೋಂದಣಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಇಳಿಯುತ್ತಾ ಬಂದಿದ್ದರೆ, ಒಳಪದರದ್ದು ಏರುತ್ತಾ ಬಂದಿದೆ. ನಗರದ ಊಟ, ನಗರದ ಕುಳಿತ ಬದುಕು ತಾಲ್ಲೂಕು ಕೇಂದ್ರಗಳಿಗೆ ಬಂದಾಗ ಅದರ ಕಾಯಿಲೆಗಳೂ ಹಿಂದೆಯೇ ಬರುತ್ತವೆ.

ಕೊಬ್ಬು ಎಲ್ಲಿದೆ ಎಂಬುದು ಮುಖ್ಯ

ಒಂದೇ ತೂಕದ ಇಬ್ಬರು ಮಹಿಳೆಯರನ್ನು ನೋಡಿ. ಒಬ್ಬರಿಗೆ ತೊಡೆ, ನಿತಂಬಗಳಲ್ಲಿ ಕೊಬ್ಬು ಸೇರಿರುತ್ತದೆ. ಇನ್ನೊಬ್ಬರ ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ತಕ್ಕಡಿಗೆ ಇಬ್ಬರೂ ಒಂದೇ, ಆದರೆ ದೇಹಕ್ಕೆ ಒಂದೇ ಅಲ್ಲ. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜಾನ್ ವಾಗ್ 1947ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಸಕ್ಕರೆ ಕಾಯಿಲೆಯಂತಹ ತೊಂದರೆಗಳು ಕೆಳಭಾಗದ ಕೊಬ್ಬಿಗಿಂತ ದೇಹದ ಮೇಲ್ಭಾಗದ ಕೊಬ್ಬಿನೊಂದಿಗೆ ಹೆಚ್ಚು ಕಾಣುತ್ತವೆ ಎಂದು ಅವರು ಬರೆದರು.

ಭಾರತೀಯರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇ. 9.1 ಮಾತ್ರ, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿ ಕುಳಿತಿರಬಹುದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಬಿಎಂಐ ಪ್ರಕಾರ ಹೆಚ್ಚು ತೂಕದವರು ಶೇ. 24. ಕರ್ನಾಟಕದಲ್ಲಿ ಶೇ. 30. ಆದರೆ ಸೊಂಟದ ಅಳತೆಯನ್ನು ನಿತಂಬದ ಅಳತೆಯಿಂದ ಭಾಗಿಸಿ ನೋಡಿದಾಗ, ದೇಶದ ಶೇ. 57ರಷ್ಟು ಮಹಿಳೆಯರು ಅಪಾಯದ ಗೆರೆಯನ್ನು ದಾಟಿದ್ದರು. ಅಂದರೆ ತಕ್ಕಡಿ "ನೀನು ಸರಿಯಿದ್ದೀಯ" ಎಂದು ಹೇಳಿದ ಲಕ್ಷಾಂತರ ಮಹಿಳೆಯರಿಗೆ ಅಳತೆಯ ಟೇಪು ಬೇರೆಯೇ ಮಾತು ಹೇಳಿತು.

ಹೊಟ್ಟೆಯ ಕೊಬ್ಬು ಗರ್ಭಕೋಶಕ್ಕೆ ಏನು ಮಾಡುತ್ತದೆ?

ಕೊಬ್ಬು ಸುಮ್ಮನೆ ಕುಳಿತಿರುವ ಗಂಟು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ, ಅದು ಹಾರ್ಮೋನು ತಯಾರಿಸುವ ಒಂದು ಕಾರ್ಖಾನೆ. ಮುಟ್ಟು ಇರುವಷ್ಟು ಕಾಲ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಮುಖ್ಯವಾಗಿ ಅಂಡಾಶಯ ಕೊಡುತ್ತದೆ. ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ತಿಂಗಳ ಎರಡನೆಯ ಭಾಗದಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬಂದು ಆ ಬೆಳವಣಿಗೆಗೆ ತಡೆ ಹಾಕುತ್ತದೆ. ಅದು ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ.

ಮುಟ್ಟು ನಿಂತ ಮೇಲೆ ಅಂಡಾಶಯ ಎರಡನ್ನೂ ನಿಲ್ಲಿಸುತ್ತದೆ. ಆದರೆ ದೇಹದಲ್ಲಿ ಉಳಿದಿರುವ ಬೇರೆ ಹಾರ್ಮೋನುಗಳನ್ನು ಕೊಬ್ಬಿನ ಕೋಶಗಳು ಈಸ್ಟ್ರೋಜೆನ್ ಆಗಿ ಬದಲಾಯಿಸುತ್ತಲೇ ಇರುತ್ತವೆ. ಕೊಬ್ಬು ಹೆಚ್ಚಿದಷ್ಟೂ ಈಸ್ಟ್ರೋಜೆನ್ ಹೆಚ್ಚು. ತಡೆಯುವ ಪ್ರೊಜೆಸ್ಟರಾನ್ ಮಾತ್ರ ಇಲ್ಲ.

ಆಲಮಟ್ಟಿಯ ಕಾಲುವೆ ನೀರು ಕಂಡ ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲಕ್ಕೆ ನೀರು ಬೇಕು. ಆದರೆ ನೀರು ಹರಿಯುತ್ತಲೇ ಇದ್ದು, ಬಸಿದು ಹೋಗಲು ದಾರಿ ಇಲ್ಲದಿದ್ದರೆ ಒಳ್ಳೆಯ ಎರೆಭೂಮಿಯೂ ಸವಳು-ಜವಳಾಗುತ್ತದೆ. ತಡೆಯಿಲ್ಲದ ಈಸ್ಟ್ರೋಜೆನ್ ಗರ್ಭಕೋಶದ ಒಳಪದರಕ್ಕೆ ಮಾಡುವುದೂ ಅದನ್ನೇ. ಪದರ ದಪ್ಪವಾಗುತ್ತಾ ಹೋಗಿ, ವರ್ಷಗಳ ನಂತರ ಕೆಲವರಲ್ಲಿ ಕೋಶಗಳು ದಾರಿ ತಪ್ಪುತ್ತವೆ. 1975ರಲ್ಲಿ ಅಮೆರಿಕದಲ್ಲಿ ಇದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. ಮುಟ್ಟು ನಿಂತ ಮೇಲೆ ಬರೀ ಈಸ್ಟ್ರೋಜೆನ್ ಮಾತ್ರೆ ನುಂಗುತ್ತಿದ್ದ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹಲವು ಪಟ್ಟು ಹೆಚ್ಚಿತ್ತು. ಜೊತೆಗೆ ಪ್ರೊಜೆಸ್ಟರಾನ್ ಕೊಡಲು ಆರಂಭಿಸಿದ ಮೇಲೆ ಆ ಅಪಾಯ ತಗ್ಗಿತು.

ಎರಡನೆಯ ದಾರಿ ಇನ್ಸುಲಿನ್‌ನದು. ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ತಡೆಯುತ್ತದೆ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಕೋಶಗಳಿಗೆ "ಬೆಳೆಯಿರಿ" ಎಂದು ಹೇಳುತ್ತದೆ. ಅಷ್ಟೇ ಅಲ್ಲ, ರಕ್ತದಲ್ಲಿ ಈಸ್ಟ್ರೋಜೆನ್ ಅನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಹೀಗೆ ಬಿಡುವಾದ ಈಸ್ಟ್ರೋಜೆನ್ ಮತ್ತೆ ಗರ್ಭಕೋಶಕ್ಕೇ ಹೋಗುತ್ತದೆ. ಮೂರನೆಯದು, ಈ ಕೊಬ್ಬು ದೇಹದಲ್ಲಿ ಸಣ್ಣಗೆ ಸದಾ ಉರಿಯುವ ಉರಿಯೂತವನ್ನು ಉಂಟುಮಾಡುತ್ತದೆ.

ಹಾಗೆಂದು ತೊಡೆ, ನಿತಂಬಗಳ ಕೊಬ್ಬು ಪೂರ್ತಿ ನಿರಪಾಯಕಾರಿ ಎಂದು ತಿಳಿಯಬೇಡಿ. ಈಸ್ಟ್ರೋಜೆನ್ ತಯಾರಿಸುವ ಕೆಲಸವನ್ನು ಎಲ್ಲ ಕೊಬ್ಬೂ ಮಾಡುತ್ತದೆ. ಹೊಟ್ಟೆಯ ಕೊಬ್ಬು ಅದರ ಮೇಲೆ ಇನ್ಸುಲಿನ್‌ನ ತೊಂದರೆಯನ್ನೂ ಸೇರಿಸುತ್ತದೆ.

ಅಪಾಯ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರ್‌ಗಳಿಗೂ ಖಚಿತ ಸಂಬಂಧವಿದೆ ಎಂದು ಹೇಳಿತು. ಅವುಗಳ ಪೈಕಿ ಅತಿ ಬಲವಾದ ಸಂಬಂಧ ಕಂಡದ್ದು ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಲ್ಲೇ. ಸಾಮಾನ್ಯ ತೂಕದವರಿಗೆ ಹೋಲಿಸಿದರೆ, ಬಿಎಂಐ 40 ದಾಟಿದವರಲ್ಲಿ ಅಪಾಯ ಸುಮಾರು ಏಳು ಪಟ್ಟು. ಐದು ಅಡಿ ಎತ್ತರದ ಮಹಿಳೆಗೆ ಸುಮಾರು 12 ಕೆ.ಜಿ. ತೂಕ ಹೆಚ್ಚಾದರೆ ಅಪಾಯ ಒಂದೂವರೆ ಪಟ್ಟಿಗೆ ಏರುತ್ತದೆ. ಸೊಂಟದ ಸುತ್ತಳತೆ ಪ್ರತಿ 5 ಸೆಂ.ಮೀ. ಹೆಚ್ಚಾದಂತೆ ಅಪಾಯ ಶೇ. 13ರಷ್ಟು ಹೆಚ್ಚುತ್ತದೆ.

ಕೆಲವರಿಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ ಇರುವವರು, ಮಕ್ಕಳಾಗದವರು, ಬಹಳ ಬೇಗ ಮುಟ್ಟಾಗಿ ಬಹಳ ತಡವಾಗಿ ನಿಂತವರು, ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರು, ತಂದೆ-ತಾಯಿಯ ಕಡೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಬಂದವರಿರುವವರು ಹೆಚ್ಚು ಎಚ್ಚರದಿಂದಿರಬೇಕು.

ಹರೆಯದ ಹುಡುಗಿಯರ ಪಿಸಿಓಎಸ್ ಬಗ್ಗೆ ತಾಯಂದಿರಿಗೆ ಒಂದು ಮಾತು. ಮಗಳಿಗೆ ನಾಲ್ಕೈದು ತಿಂಗಳು ಮುಟ್ಟಾಗದಿದ್ದರೆ "ಮದುವೆಯಾದ ಮೇಲೆ ಸರಿಹೋಗುತ್ತದೆ" ಎಂದು ಬಿಡಬೇಡಿ. ಮುಟ್ಟಾಗದ ಆ ತಿಂಗಳುಗಳಲ್ಲಿ ಒಳಪದರ ತಡೆಯಿಲ್ಲದೆ ಬೆಳೆಯುತ್ತಿರುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಅಂತರವಾದರೆ ವೈದ್ಯೆಗೆ ತೋರಿಸಿ.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ದಪ್ಪಗಿರುವ ಬಹುಪಾಲು ಮಹಿಳೆಯರಿಗೆ ಈ ಕ್ಯಾನ್ಸರ್ ಬರುವುದಿಲ್ಲ. ತೆಳ್ಳಗಿರುವ ಕೆಲವರಿಗೂ ಬರುತ್ತದೆ. ಕಾಯಿಲೆ ಬಂದವಳನ್ನು "ತಿಂದು ತಂದುಕೊಂಡಳು" ಎಂದು ದೂರುವುದು ತಪ್ಪಷ್ಟೇ ಅಲ್ಲ, ಗುನಾಹ್ ಕೂಡ.

ಮನೆಯಲ್ಲೇ ಅಳೆಯುವ ವಿಧಾನ

ಹೊಲಿಗೆ ಯಂತ್ರವಿರುವ ಮನೆಯಲ್ಲಿ ಅಳತೆಯ ಟೇಪು ಇದ್ದೇ ಇರುತ್ತದೆ. ನೇರವಾಗಿ ನಿಂತು, ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಮೂಳೆಯ ಮೇಲಿನ ಅಂಚನ್ನು ಬೆರಳಿನಿಂದ ಗುರುತಿಸಿ. ಎರಡರ ನಡುವೆ ಟೇಪನ್ನು ಸುತ್ತಿ. ಲಂಗದ ಲಾಡಿ ಕಟ್ಟುವ ಜಾಗವೇ ಅಳೆಯುವ ಜಾಗ ಎಂದು ಭಾವಿಸಬೇಡಿ, ಬಹಳ ಮಂದಿ ಅದನ್ನು ಕೆಳಗೆ ಕಟ್ಟುತ್ತಾರೆ. ಹೊಟ್ಟೆಯನ್ನು ಒಳಗೆ ಎಳೆಯದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ.

ಭಾರತೀಯ ಮಹಿಳೆಯರಿಗೆ ಮಿತಿ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು. ಗಂಡಸರಿಗೆ 90 ಸೆಂ.ಮೀ. ಇನ್ನೊಂದು ಸುಲಭ ಲೆಕ್ಕವೆಂದರೆ ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ಬಿಎಂಐ ಲೆಕ್ಕದಲ್ಲಿ ನಮಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಐದು ಅಡಿ ಎತ್ತರದವರಿಗೆ ಇದು ಸುಮಾರು 53 ಮತ್ತು 58 ಕೆ.ಜಿ.

ನಮ್ಮ ಅಡುಗೆಮನೆ, ನಮ್ಮ ದಿನಚರಿ

ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಹಸಿ ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ. ನಮ್ಮ ಭಾಗದ ಹಳೆಯ ಊಟದಲ್ಲಿ ದೋಷ ಹುಡುಕುವುದು ಕಷ್ಟ. ತೊಂದರೆ ಬಂದದ್ದು ಅದರ ಪಕ್ಕಕ್ಕೆ ಸೇರಿದ್ದರಿಂದ: ದಿನಕ್ಕೆ ಐದಾರು ಸಲದ ಸಕ್ಕರೆ ಚಹಾ, ಅದರ ಜೊತೆ ಬಿಸ್ಕತ್ತು, ಸಂಜೆಯ ಮಿರ್ಚಿ-ಭಜಿ, ವಾರಕ್ಕೆರಡು ದಾವತ್‌ನ ಬಿರಿಯಾನಿ. ರಮಝಾನಿನ ಉಪವಾಸದಲ್ಲಿ ತೂಕ ಇಳಿಯಬೇಕು. ಕರಿದ ತಿಂಡಿ, ಬಣ್ಣದ ಶರಬತ್ತುಗಳ ಇಫ್ತಾರ್‌ನಿಂದಾಗಿ ಎಷ್ಟೋ ಮನೆಗಳಲ್ಲಿ ಏರುತ್ತದೆ. ಖರ್ಜೂರ, ನೀರು, ಒಂದು ಬಟ್ಟಲು ಹಣ್ಣು, ಇಂಡಿಯ ನಿಂಬೆಹಣ್ಣಿನ ಸಕ್ಕರೆಯಿಲ್ಲದ ಪಾನಕದಿಂದ ಇಫ್ತಾರ್ ಮಾಡಿದರೆ ಯಾವ ಬರಕತ್ತೂ ಕಡಿಮೆಯಾಗುವುದಿಲ್ಲ. ತಿನ್ನಿರಿ, ಕುಡಿಯಿರಿ, ಆದರೆ ಅತಿರೇಕ ಮಾಡಬೇಡಿ ಎಂಬುದು ಕುರ್‌ಆನಿನ ಆದೇಶ. ಹೊಟ್ಟೆಯ ಮೂರರಲ್ಲೊಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬುದು ಪ್ರವಾದಿ(ಸ)ರ ಬೋಧನೆ.

ಹೊಲಕ್ಕೆ, ನಿಂಬೆ ತೋಟಕ್ಕೆ ಹೋಗುವ ಮಹಿಳೆಗೆ ವ್ಯಾಯಾಮದ ಪಾಠ ಬೇಕಿಲ್ಲ. ಪೇಟೆಯ ಓಣಿಗಳಲ್ಲಿ, ಮಿಕ್ಸಿ ಮತ್ತು ನಳದ ನೀರು ಬಂದ ಮನೆಗಳಲ್ಲಿ ಇರುವವರಿಗೆ ಬೇಕು. "ಹೆಂಗಸರು ಎಲ್ಲಿ ವಾಕಿಂಗ್ ಹೋಗುವುದು?" ಎಂಬ ಪ್ರಶ್ನೆ ನಿಜವಾದದ್ದೇ. ಫಜ್ರ್ ನಂತರ ಓಣಿಯ ನಾಲ್ಕೈದು ಮಂದಿ ಬುರ್ಖಾ ಹಾಕಿಕೊಂಡೇ ಜೊತೆಯಾಗಿ ನಡೆಯಬಹುದು. ಇಲ್ಲವಾದರೆ ಮಾಳಿಗೆಯ ಮೇಲೆ ಅರ್ಧ ಗಂಟೆ ಚುರುಕಾಗಿ ನಡೆದರೂ ಸಾಕು. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ಹೆಂಡತಿಯ ನಡಿಗೆಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದು ಗಂಡನಿಗೆ ಭಾರವಾಗಬಾರದು.

ಇಳಿಸಬೇಕಾದ ತೂಕ ಬಹಳವೇನಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೇಹತೂಕದ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ, ತೂಕ ಹಾಗೆಯೇ ಉಳಿದವರಿಗಿಂತ ಈ ಕ್ಯಾನ್ಸರ್ ಶೇ. 29 ಕಡಿಮೆ ಇತ್ತು. 70 ಕೆ.ಜಿ. ಇರುವವರಿಗೆ ಶೇ. 5 ಎಂದರೆ ಮೂರೂವರೆ ಕೆ.ಜಿ. ಆದರೆ ತೂಕವನ್ನು ಉದ್ದೇಶಪೂರ್ವಕವಾಗಿ ಇಳಿಸಿರಬೇಕು. ಕಾರಣವಿಲ್ಲದೆ ತಾನಾಗಿ ತೂಕ ಇಳಿದರೆ ಅದನ್ನು ವೈದ್ಯರಿಗೆ ತೋರಿಸಬೇಕು.

ರಕ್ತ ಕಂಡರೆ ಏನು ಮಾಡಬೇಕು?

ಈ ಕ್ಯಾನ್ಸರ್‌ನ ವಿಷಯದಲ್ಲಿ ಅಲ್ಲಾಹನ ದೊಡ್ಡ ಕೃಪೆಯೆಂದರೆ ಇದು ಮೊದಲೇ ಎಚ್ಚರಿಕೆ ಕೊಡುತ್ತದೆ. ಮುಟ್ಟು ನಿಂತ ಮೇಲೆ ಈ ಕಾಯಿಲೆ ಬಂದ ಮಹಿಳೆಯರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ರಕ್ತಸ್ರಾವ ಕಾಣಿಸಿಕೊಂಡಿರುತ್ತದೆ. ಇನ್ನೊಂದು ಮಗ್ಗುಲನ್ನೂ ನೋಡಿ: ಹಾಗೆ ರಕ್ತ ಕಂಡ ಹತ್ತು ಮಹಿಳೆಯರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದ್ದರಿಂದ ಹೆದರಬೇಡಿ, ಆದರೆ ತಡಮಾಡಲೂಬೇಡಿ.

ಪೂರ್ತಿ ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ, ಕಂದು ಅಥವಾ ರಕ್ತಮಿಶ್ರಿತ ನೀರಿನಂಥ ಸ್ರಾವ ಕಂಡರೂ ಅದೇ ವಾರ ಸ್ತ್ರೀರೋಗ ವೈದ್ಯೆಯನ್ನು ಕಾಣಿ. 45 ದಾಟಿದವರಿಗೆ ಮುಟ್ಟು ಲೆಕ್ಕ ತಪ್ಪಿ, ಅತಿಯಾಗಿ ಅಥವಾ ತಿಂಗಳ ನಡುವೆ ಹೋಗುತ್ತಿದ್ದರೂ ತೋರಿಸಿ. "ವಯಸ್ಸಾಯಿತು, ನಿಲ್ಲುವ ಮೊದಲು ಹೀಗೆಯೇ" ಎಂದು ನೆರೆಯವರು ಹೇಳಿದ್ದನ್ನು ನಂಬಿ ಕೂರಬೇಡಿ.

ಪರೀಕ್ಷೆ ಎರಡು. ಮೊದಲು ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುತ್ತಾರೆ. ಮುಟ್ಟು ನಿಂತವರಲ್ಲಿ ಅದು 4 ಮಿ.ಮೀ. ಒಳಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಕಡಿಮೆ. ದಪ್ಪವಾಗಿದ್ದರೆ ಅಥವಾ ರಕ್ತ ಮತ್ತೆ ಮತ್ತೆ ಬಂದರೆ, ತೆಳುವಾದ ನಳಿಕೆಯಿಂದ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಕೆಲವೇ ನಿಮಿಷಗಳ ಕೆಲಸ, ಮುಟ್ಟಿನ ನೋವಿನಂತಹ ನೋವು, ಹೆಚ್ಚಿನವರು ಅದೇ ದಿನ ಮನೆಗೆ ಬರಬಹುದು. ಗರ್ಭಕಂಠಕ್ಕೆ ಮಾಡುವ ಪ್ಯಾಪ್ ಪರೀಕ್ಷೆ ಸರಿ ಬಂದಿದೆ ಎಂದು ನಿಶ್ಚಿಂತರಾಗಬೇಡಿ, ಒಳಪದರದ ಕಾಯಿಲೆಯನ್ನು ಅದು ನಂಬಿಕೆಯಿಂದ ಹಿಡಿಯಲಾರದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಮಾಡುವ ತಪಾಸಣೆಯೂ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗೆ ಸೀಮಿತ. ಇಲ್ಲಿ ನಿಮ್ಮ ಎಚ್ಚರವೇ ಮೊದಲ ತಪಾಸಣೆ.

ಎರಡು ತಪ್ಪು ಮಾಡಬೇಡಿ. ಹಜ್, ಉಮ್ರಾ ಸಮಯದಲ್ಲಿ ಮುಟ್ಟು ಮುಂದೂಡಲು ಕೆಲವರು ತೆಗೆದುಕೊಳ್ಳುವ ಹಾರ್ಮೋನು ಮಾತ್ರೆಯನ್ನೇ ರಕ್ತ ನಿಲ್ಲಿಸಲು ಔಷಧದಂಗಡಿಯಿಂದ ತಂದು ನುಂಗುವುದು ಮೊದಲನೆಯದು. ರಕ್ತ ನಿಲ್ಲುತ್ತದೆ, ಕಾರಣ ಒಳಗೇ ಉಳಿಯುತ್ತದೆ. ಎರಡನೆಯದು, ಪರೀಕ್ಷೆಯಿಲ್ಲದೆ "ಗರ್ಭಚೀಲ ತೆಗೆಸಿಬಿಡಿ" ಎಂದ ಕೂಡಲೇ ಒಪ್ಪುವುದು. ಬಯಾಪ್ಸಿ ವರದಿ ಮೊದಲು ಕೇಳಿ. ಕ್ಯಾನ್ಸರ್ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಡವಾಗಬಹುದು. ಇದ್ದರೆ ಕ್ಯಾನ್ಸರ್ ತಜ್ಞರೇ ಮಾಡಬೇಕಾದ ಶಸ್ತ್ರಚಿಕಿತ್ಸೆ ಬೇರೆ ಬಗೆಯದು. ಗರ್ಭಕೋಶದೊಳಗೇ ಇರುವಾಗ ಪತ್ತೆಯಾದರೆ ಹತ್ತರಲ್ಲಿ ಒಂಬತ್ತರಷ್ಟು ಮಹಿಳೆಯರು ಐದು ವರ್ಷ ದಾಟಿ ಬದುಕುತ್ತಾರೆ.

ನಿಮ್ಮ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ. ಮುಂದಿನ ಪರೀಕ್ಷೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ, ಅಲ್-ಅಮೀನ್ ಮತ್ತು ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕ್ಯಾನ್ಸರ್ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ ಮತ್ತು ಬೆಂಗಳೂರಿನ ಮುಖ್ಯ ಆಸ್ಪತ್ರೆ ಇವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ.

ಹಯಾ ಅಡ್ಡಿಯಾಗದಿರಲಿ

ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮ್ಮ ನಿಲ್ಲದ ರಕ್ತಸ್ರಾವದ ಬಗ್ಗೆ ಪ್ರವಾದಿ(ಸ)ರ ಬಳಿಗೇ ಹೋಗಿ ಕೇಳಿದರು. ಅದು ಮುಟ್ಟಲ್ಲ, ಒಂದು ನರದಿಂದ ಬರುವ ರಕ್ತ ಎಂದು ಅವರಿಗೆ ಉತ್ತರ ಸಿಕ್ಕಿತು. ಮುಟ್ಟಿನ ರಕ್ತ ಬೇರೆ, ದೇಹದ ತೊಂದರೆಯಿಂದ ಬರುವ ರಕ್ತ ಬೇರೆ ಎಂಬ ವ್ಯತ್ಯಾಸ ನಮಗೆ ಅಂದೇ ತಿಳಿದಿದೆ. ಕಲಿಯುವುದಕ್ಕೆ ನಾಚಿಕೆಯನ್ನು ಅಡ್ಡ ತಾರದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದರು. ವೈದ್ಯೆಯೇ ಬೇಕೆಂದು ಕೇಳುವುದು ನಿಮ್ಮ ಹಕ್ಕು. ವೈದ್ಯೆ ಸಿಗದಿದ್ದಾಗ ಅಗತ್ಯಕ್ಕೆ ಪುರುಷ ವೈದ್ಯರಿಗೆ ತೋರಿಸಲು ಉಲಮಾಗಳು ಅನುಮತಿಸಿದ್ದಾರೆ. ಮಸ್‌ಅಲಾ ಹೇಳುವ ಆಲಿಮಾಗಳಲ್ಲಿಯೂ ಒಂದು ವಿನಂತಿ: ನಮಾಝ್‌ನ ಉತ್ತರ ಹೇಳಿದ ಬಳಿಕ "ವೈದ್ಯೆಗೆ ತೋರಿಸಿದಿರಾ?" ಎಂದು ಒಂದು ಮಾತು ಕೇಳಿ.

ಆ ಒಂದು ಮಾತಿನ ಬೆಲೆ ಎಷ್ಟೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅದರ ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ ಲಕ್ಷಣಗಳನ್ನು ವಿವರಿಸಿ, ಹಾಗೆ ಕಂಡವರು ಆಸ್ಪತ್ರೆಗೆ ಬನ್ನಿ ಎಂದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್‌ನ ರೋಗಿಗಳು ಮೊದಲಿಗಿಂತ ಆರಂಭದ ಹಂತದಲ್ಲೇ ಬರತೊಡಗಿದರು. ದೊಡ್ಡ ಯಂತ್ರವೇನೂ ಹಳ್ಳಿಗೆ ಬಂದಿರಲಿಲ್ಲ, ಬಂದದ್ದು ಮಾಹಿತಿ ಮಾತ್ರ.

ನಮ್ಮ ತಾಯಂದಿರು ತಾವಾಗಿ ಈ ಮಾತು ಎತ್ತುವುದಿಲ್ಲ. ಮಗನ ಮುಂದೆ ಹೇಳಲು ಅವರಿಗೆ ಸಂಕೋಚ. ಆದ್ದರಿಂದ ಈ ಪುಟವನ್ನು ಓದಿದ ಮಗಳು ಅಥವಾ ಸೊಸೆ ಇಂದು ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ಕೇಳಲಿ: "ಅಮ್ಮೀ, ನಿಂತ ಮೇಲೆ ಎಂದಾದರೂ ಮತ್ತೆ ಕಂಡಿತ್ತಾ?" ಹೌದು ಎಂದರೆ, ನಾಳೆ ಆಕೆಯೊಂದಿಗೆ ನೀವೂ ಬಸ್ಸು ಹತ್ತಿ.